ಪೆಟ್ರೋಲ್ ಚಾಲಿತ ಕಳೆ ಕತ್ತರಿಸುವ ಯಂತ್ರ: ಆಯ್ಕೆ ಮತ್ತು ನಿರ್ವಹಣೆ

ಮಳೆಗಾಲದಲ್ಲಿ ಕೆಂಗೇರಿ ಹೋಬಳಿಯ ಗ್ರಾಮಗಳ ಶಾಲಾ ಆವರಣ, ಸ್ಮಶಾನ ಹಾಗೂ ಚರಂಡಿ ಬದಿಗಳಲ್ಲಿ ಹುಲ್ಲು, ಪಾರ್ಥೇನಿಯಂ ಬೆಳೆಯುವುದು ಸಹಜ. ಇದಕ್ಕಾಗಿ ಯಂತ್ರ ಖರೀದಿಸುವ ಮುನ್ನ ಸದಸ್ಯರು ಬೆಲೆಯೊಡನೆ ಅದರ ನಿರ್ವಹಣೆಯನ್ನೂ ಪರಿಗಣಿಸತಕ್ಕದ್ದು.

1. ಆಯ್ಕೆ: ಟೂ-ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕು, ಫೋರ್-ಸ್ಟ್ರೋಕ್ ಯಂತ್ರದಲ್ಲಿ ಆಯಿಲ್‌ಗೆ ಪ್ರತ್ಯೇಕ ಸ್ಥಳವಿರುತ್ತದೆ. ಎರಡೂ ಬಗೆಯವು ಒಂದೆಡೆ ಇದ್ದಲ್ಲಿ ಇಂಧನ ಅದಲುಬದಲಾಗುವ ಸಂಭವವಿರುವುದರಿಂದ ಒಂದೇ ಬಗೆಯನ್ನು ಆರಿಸುವುದು ಸೂಕ್ತ. ಬಿಡಿಭಾಗ ಮತ್ತು ದುರಸ್ತಿ ಸಮೀಪದಲ್ಲೇ ದೊರೆಯುವುದನ್ನು ಖಚಿತಪಡಿಸಿಕೊಳ್ಳಬೇಕು.

2. ಇಂಧನ: ಕೈಪಿಡಿಯಲ್ಲಿ 50:1 ಎಂದಿದ್ದರೆ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬೆರೆಸತಕ್ಕದ್ದು. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಬಿಗಿದು ಎಂಜಿನ್ ಹಾಳಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವಾಂಶ ಹೀರುವುದರಿಂದ, ಯಂತ್ರವನ್ನು ತಿಂಗಳುಗಟ್ಟಲೆ ಬಳಸದಿದ್ದಲ್ಲಿ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಬೇಕು.

3. ನಿರ್ವಹಣೆ: ಪ್ರತಿದಿನ ಕೆಲಸದ ನಂತರ ಏರ್ ಫಿಲ್ಟರ್ ಶುಚಿಗೊಳಿಸಿ, ಬೋಲ್ಟ್‌ಗಳನ್ನು ಬಿಗಿಗೊಳಿಸಬೇಕು. ಸ್ಪಾರ್ಕ್ ಪ್ಲಗ್ಗನ್ನು ಆಗಾಗ ಪರೀಕ್ಷಿಸಬೇಕು.

4. ಸುರಕ್ಷತೆ: ಮೆದು ಹುಲ್ಲಿಗೆ ನೈಲಾನ್ ದಾರ, ಗಟ್ಟಿ ಕಾಂಡಕ್ಕೆ ಲೋಹದ ಬ್ಲೇಡ್ ಬಳಸಬೇಕು. ಸಿಡಿದ ಕಲ್ಲು ಕಣ್ಣಿನ ದೃಷ್ಟಿಯನ್ನೇ ಕಳೆಯಬಲ್ಲದು. ಆದ್ದರಿಂದ ರಕ್ಷಣಾ ಕವಚವನ್ನು ಕಳಚಕೂಡದು. ಸಿಬ್ಬಂದಿಗೆ ಕನ್ನಡಕ, ಕೈಗವಸು, ಬೂಟು, ಮಾಸ್ಕ್ ಒದಗಿಸಬೇಕು. 15 ಮೀಟರ್ ಅಂತರದೊಳಗೆ ಬೇರಾರೂ ಇರಕೂಡದು. ಪಾರ್ಥೇನಿಯಂ ಅನ್ನು ಹೂ ಬಿಡುವ ಮುನ್ನವೇ ಕತ್ತರಿಸಬೇಕು.

ಖರೀದಿಗೆ ಅನುಮೋದನೆ ನೀಡುವ ಸಾಮಾನ್ಯ ಸಭೆಯ ನಡಾವಳಿಯಲ್ಲಿಯೇ ಯಂತ್ರದ ಹೊಣೆ ಹೊರುವ ಸಿಬ್ಬಂದಿಯ ಹೆಸರು ಹಾಗೂ ವಾರ್ಷಿಕ ನಿರ್ವಹಣಾ ಮೊತ್ತವನ್ನು ದಾಖಲಿಸುವುದು ಅಪೇಕ್ಷಣೀಯ. ಹೊಣೆಗಾರರಿಲ್ಲದ ಯಂತ್ರ ಮುಂದಿನ ಮಳೆಗಾಲಕ್ಕೆ ಉಪಯೋಗಕ್ಕೆ ಬಾರದು.