ಅತ್ತೆಯ ಅಕ್ಷರ ಯಾಕೆ ಸಣ್ಣದಾಯಿತು?

ನಮ್ಮ ಹುತ್ತೂರಿನ ಕಡೆ ಒಂದು ಮನೆ ಅಂತ ಅಂದುಕೊಳ್ಳೋಣ. ಮನೆಯಲ್ಲಿ ಅತ್ತೆ, ಸೊಸೆ ಇದ್ದಾರೆ. ಇಬ್ಬರೂ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಅತ್ತೆ ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ತಮ್ಮ ಹೆಸರು ಬರೆಯುತ್ತಾರೆ. ದುಂಡನೆಯ ಅಕ್ಷರ.

ಈಚೆಗೆ ಆ ಅಕ್ಷರ ಸಣ್ಣದಾಗುತ್ತಾ ಬಂತು. ಸಾಲಿನ ಕೊನೆಗೆ ಹೋದರೆ ಸಾಸಿವೆ ಕಾಳಿನಷ್ಟು. ಸುಮ್ಮನೆ ಕೂತಾಗ ಬಲಗೈ ನಡುಗುತ್ತದೆ. ಮುದ್ದೆ ಕಟ್ಟೋದು ನಿಧಾನ. ನಡೆಯುವಾಗ ಕಾಲು ಎಳೆಯುತ್ತಾರೆ.

"ವಯಸ್ಸಾಯ್ತಲ್ಲಮ್ಮ, ಬಿಡು" ಅಂತಾರೆ ಅತ್ತೆ. "ಯಾರದೋ ಕಣ್ಣು ಬಿದ್ದಿದೆ" ಅಂತಾರೆ ಪಕ್ಕದ ಮನೆಯವರು.

ಎರಡೂ ಅಲ್ಲ. ಇದು ಒಂದು ಕಾಯಿಲೆ ಇರಬಹುದು. ಇದಕ್ಕೆ ಪಾರ್ಕಿನ್ಸನ್ ಕಾಯಿಲೆ ಅಂತ ಹೆಸರು. ಆಯುರ್ವೇದದಲ್ಲಿ ಕಂಪವಾತ ಅಂತಾರೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದರು. ಅವರ ಹೆಸರೇ ಉಳಿಯಿತು.

ಕಾಯಿಲೆ ಯಾಕೆ ಬರುತ್ತದೆ?

ನಮ್ಮ ಮಿದುಳಿನಲ್ಲಿ ಡೋಪಮಿನ್ ಎಂಬ ರಸ ತಯಾರಾಗುತ್ತದೆ. ಕೈಕಾಲು ಸಲೀಸಾಗಿ ಆಡಲು ಇದು ಬೇಕು. ಈ ರಸ ಮಾಡುವ ಕಣಗಳು ಸಾಯುತ್ತಾ ಬಂದರೆ ರಸ ಕಡಿಮೆ ಆಗುತ್ತದೆ. ಆಗ ಕೈ ನಡುಗುತ್ತದೆ. ಮೈ ಬಿಗಿಯುತ್ತದೆ. ಎಲ್ಲ ಕೆಲಸವೂ ನಿಧಾನ ಆಗುತ್ತದೆ. ಕೆಲವರಿಗೆ ನಡುಕವೇ ಇರುವುದಿಲ್ಲ. ಕೆಲವರಿಗೆ ವರ್ಷಗಳ ಮೊದಲೇ ವಾಸನೆ ತಿಳಿಯುವುದಿಲ್ಲ, ಮಲಬದ್ಧತೆ ಇರುತ್ತದೆ.

ಇದು ಅಂಟುರೋಗ ಅಲ್ಲ. ಪಾಪದ ಫಲವೂ ಅಲ್ಲ.

ನಡುಗುವ ಕೈಯೆಲ್ಲ ಪಾರ್ಕಿನ್ಸನ್ ಅಲ್ಲ. ತಲೆಸುತ್ತಿಗೆ, ವಾಂತಿಗೆ ಕೊಡುವ ಕೆಲವು ಮಾತ್ರೆಗಳನ್ನು ಬಹಳ ದಿನ ತಿಂದರೂ ಹೀಗಾಗಬಹುದು. ಆದ್ದರಿಂದ ತಿನ್ನುವ ಮಾತ್ರೆ ಎಲ್ಲವನ್ನೂ ಡಾಕ್ಟರಿಗೆ ತೋರಿಸಬೇಕು.

ಪ್ಯಾರಾಕ್ವಾಟ್‌ನಂಥ ಕಳೆನಾಶಕ ಮತ್ತು ಕೆಲವು ಕೀಟನಾಶಕ ಬಳಸುವವರಲ್ಲಿ ಈ ಕಾಯಿಲೆ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ನಾವು ಟೊಮೆಟೊ ಬೆಳೆಯುವವರು. ಔಷಧಿ ಹೊಡೆಯುವಾಗ ಬಾಯಿ, ಮೂಗು, ಕೈ ಮುಚ್ಚಿಕೊಳ್ಳೋಣ. ಔಷಧಿಯ ಡಬ್ಬವನ್ನು ಮನೆ ಬಳಕೆಗೆ ತರುವುದು ಬೇಡ.

ಮದ್ದು ಹೇಗೆ ಸಿಕ್ಕಿತು?

ನಸುಗುನ್ನಿ ಕಾಯಿ ನೀವು ನೋಡಿರಬಹುದು. ಮೈಗೆ ತಾಗಿದರೆ ವಿಪರೀತ ತುರಿಕೆ. ಅದರ ಬೀಜವನ್ನು ನಮ್ಮ ಹಳೆಯ ವೈದ್ಯರು ಮದ್ದಿಗೆ ಬಳಸುತ್ತಿದ್ದರು. 1937ರಲ್ಲಿ ಮದ್ರಾಸಿನ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಒಂದು ವಸ್ತು ತೆಗೆದರು. ಅದೇ ಲೆವೊಡೋಪಾ. ಇದು ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. 1960ರ ನಂತರ ರೋಗಿಗಳಿಗೆ ಕೊಟ್ಟು ನೋಡಿದರು. ಎದ್ದು ನಡೆಯಲಾಗದವರು ನಡೆದರು. ಇವತ್ತಿಗೂ ಅದೇ ಮುಖ್ಯ ಮಾತ್ರೆ.

ಈ ಮಾತ್ರೆ ಕಾಯಿಲೆಯನ್ನು ಹತೋಟಿಯಲ್ಲಿ ಇಡುತ್ತದೆ. ಪೂರ್ತಿ ವಾಸಿ ಮಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನಬೇಕು. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುತ್ತಾರೆ. ಹಾಲು, ಬೇಳೆ, ಮೊಟ್ಟೆಯ ಜೊತೆ ತಿಂದರೆ ಕೆಲವರಿಗೆ ಸರಿಯಾಗಿ ಹಿಡಿಯುವುದಿಲ್ಲ. ತಾವೇ ನಿಲ್ಲಿಸಬಾರದು. ನಸುಗುನ್ನಿ ಬೀಜವನ್ನು ಮನೆಯಲ್ಲೇ ಅರೆದು ಕುಡಿಸಬಾರದು. ಅಳತೆ ತಪ್ಪಿದರೆ ಅಪಾಯ.

ಪ್ರಯೋಗ ಅಂದರೆ ಏನು?

ವಾಸಿ ಮಾಡುವ ಮದ್ದಿಗಾಗಿ ಹುಡುಕಾಟ ನಡೆಯುತ್ತಲೇ ಇದೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಈ ಕಾಯಿಲೆಯ ಸಂಶೋಧನೆ ಇದೆ. ಅವರು ಬೆಂಗಳೂರು ಪೇಟೆ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಅದರ ವರದಿ 2004ರಲ್ಲಿ ಬಂತು. ನರರೋಗ ಪೇಟೆಗಿಂತ ಹಳ್ಳಿಯಲ್ಲೇ ಹೆಚ್ಚು ಎಂದು ಗೊತ್ತಾಯಿತು.

ಹೊಸ ಮದ್ದನ್ನು ಹೇಗೆ ಪರೀಕ್ಷಿಸುತ್ತಾರೆ? ಟೊಮೆಟೊ ತೋಟ ನೆನೆಸಿಕೊಳ್ಳಿ. ಅರ್ಧ ಸಾಲಿಗೆ ಹೊಸ ಗೊಬ್ಬರ ಹಾಕುತ್ತೀರಿ. ಅರ್ಧ ಸಾಲಿಗೆ ಹಾಕುವುದಿಲ್ಲ. ಆಮೇಲೆ ಹೋಲಿಸುತ್ತೀರಿ. ಇಲ್ಲೂ ಹಾಗೆಯೇ. ಕೆಲವರಿಗೆ ಹೊಸ ಮದ್ದು. ಉಳಿದವರಿಗೆ ಹಳೆಯ ಮದ್ದು, ಇಲ್ಲವೇ ಮದ್ದಿಲ್ಲದ ಬರೀ ಮಾತ್ರೆ. ಎಷ್ಟೋ ಸಲ ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತದೆ.

ಹೊಸ ಮದ್ದಿನಿಂದ ಗುಣ ಆಗಬಹುದು. ಆಗದೆಯೂ ಇರಬಹುದು. ತೊಂದರೆಯೂ ಬರಬಹುದು. ಅದಕ್ಕೇ ರೋಗಿಯ ಒಪ್ಪಿಗೆ ಬೇಕು.

ಸಹಿಗೆ ಮೊದಲು

ಅತ್ತೆಯ ಮುಂದೆ ಒಂದು ಒಪ್ಪಿಗೆ ಪತ್ರ ಬಂತು ಅಂದುಕೊಳ್ಳೋಣ. ಮಗ, "ಅಮ್ಮ, ಬೇಗ ಹೆಬ್ಬೆಟ್ಟು ಒತ್ತಮ್ಮ, ಬಸ್ಸಿಗೆ ಹೊತ್ತಾಯ್ತು" ಅಂದ.

ಸೊಸೆ, "ತಾಳ್ರೀ, ಓದೋಣ" ಅಂದಳು. ಒಂದೊಂದೇ ಸಾಲು ಜೋರಾಗಿ ಓದಿದಳು. ತಿಳಿಯದ ಕಡೆ ಬೆರಳಿಟ್ಟು ಡಾಕ್ಟರನ್ನು ಕೇಳಿದಳು. ಆಮೇಲೆ, "ಅತ್ತೆ, ನೀವೇನಂತೀರಿ?" ಅಂದಳು.

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. "ಮನೆಗೆ ಹೋಗಿ ಇನ್ನೊಂದು ಸಲ ಓದಮ್ಮ. ಬರೋ ವಾರ ಹೇಳ್ತೀನಿ" ಅಂದರು.

ಅತ್ತೆ ಮಾಡಿದ್ದು ಸರಿ. ಮೈ ಅವರದು, ಮಾತೂ ಅವರದೇ. ಮಗನೋ ಗಂಡನೋ ಅವಸರ ಮಾಡುವ ಹಾಗಿಲ್ಲ.

2019ರ ನಿಯಮದಲ್ಲಿ ಮದ್ದಿನ ಪ್ರಯೋಗಕ್ಕೆ ಸೇರುವವರಿಗೆ ರಕ್ಷಣೆ ಇದೆ. ಇವನ್ನು ನೆನಪಿಡಿ:

1. ಪತ್ರ ನಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು.
2. ಓದಲು ಬಾರದವರಿಗೆ ಓದಿ ಹೇಳುವಾಗ, ಪ್ರಯೋಗಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಇರಬೇಕು.
3. ಬೇಡ ಅನ್ನಬಹುದು. ಸೇರಿದ ಮೇಲೂ ಬಿಡಬಹುದು. ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.
4. ಪ್ರಯೋಗದಿಂದ ತೊಂದರೆ ಆದರೆ ಉಚಿತ ಚಿಕಿತ್ಸೆ, ಪರಿಹಾರ ಸಿಗಬೇಕು.
5. ಪತ್ರದ ಒಂದು ಪ್ರತಿ ನಮ್ಮ ಕೈಯಲ್ಲಿ ಇರಬೇಕು.

ಮೊದಲು ಎಲ್ಲಿಗೆ ಹೋಗಬೇಕು? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಆಶಾ ಕಾರ್ಯಕರ್ತೆಯನ್ನೂ ಕೇಳಿ. ಅಲ್ಲಿಂದ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ, ಬೇಕಾದರೆ ನಿಮ್ಹಾನ್ಸ್‌ಗೆ ಹೋಗಬಹುದು.

ನಾವು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಲು ಮಾತ್ರ ಅಲ್ಲ. ಸಹಿ ಹಾಕುವ ಮೊದಲು ಓದಲಿಕ್ಕೂ ಹೌದು.

ಹೊಸ ಪದಗಳು
ಸಂಶೋಧನೆ: ಹೊಸದನ್ನು ಹುಡುಕಿ ತಿಳಿಯುವುದು
ಒಪ್ಪಿಗೆ ಪತ್ರ: ತಿಳಿದು ಒಪ್ಪಿದ್ದೇನೆ ಎಂದು ಸಹಿ ಹಾಕುವ ಕಾಗದ
ಪರಿಹಾರ: ನಷ್ಟಕ್ಕೆ ಕೊಡುವ ಹಣ

ಉತ್ತರ ಬರೆಯಿರಿ
1. ಅತ್ತೆಯ ಅಕ್ಷರ ಹೇಗೆ ಬದಲಾಯಿತು?
2. ಲೆವೊಡೋಪಾ ಯಾವ ಕಾಯಿಯ ಬೀಜದಲ್ಲಿದೆ?
3. ಅತ್ತೆ ಆ ದಿನವೇ ಸಹಿ ಯಾಕೆ ಹಾಕಲಿಲ್ಲ?

ಮಾತಾಡೋಣ
ಓದದೆ ಹೆಬ್ಬೆಟ್ಟು ಒತ್ತಿ ನೀವು ಯಾವಾಗಲಾದರೂ ತೊಂದರೆ ಪಟ್ಟಿದ್ದೀರಾ? ಗುಂಪಿನಲ್ಲಿ ಹೇಳಿ.