ಗ್ಯಾಸ್ಟ್ರಿಕ್ ಎಂಬ ತೀರ್ಪು: ಕಂಕನಾಡಿಯ ಒಂದು ಹೃದಯಾಘಾತ ಕಲಿಸಿದ್ದು

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ, ಕೊರೊನರಿ ಎಂದು ಕರೆಯಲಾಗುವ ನಾಳದೊಳಗೆ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ, ಆ ನಾಳವನ್ನೇ ನೆಚ್ಚಿಕೊಂಡ ಸ್ನಾಯು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸಾಯತೊಡಗುತ್ತದೆ, ಸತ್ತ ಭಾಗ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಹೃದಯಾಘಾತವೆಂದರೆ ಇದೇ. ಮೊದಲ ಒಂದು ಗಂಟೆಯನ್ನು ವೈದ್ಯರು ಸುವರ್ಣ ಗಂಟೆ ಎನ್ನುವುದು ಈ ಕಾರಣಕ್ಕೆ. ಆ ಅವಧಿಯಲ್ಲಿ ಹೆಪ್ಪನ್ನು ಕರಗಿಸಿದರೆ ಅಥವಾ ಆಂಜಿಯೋಪ್ಲಾಸ್ಟಿಯ ಮೂಲಕ, ಅಂದರೆ ಸಣ್ಣ ಬಲೂನಿನಿಂದ ನಾಳವನ್ನು ತೆರೆದು ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಕೂರಿಸುವ ಮೂಲಕ ಹರಿವನ್ನು ಮರಳಿಸಿದರೆ, ಉಳಿಯುವ ಸ್ನಾಯುವಿನ ಪಾಲು ಹೆಚ್ಚು.

ಈ ಗಂಟೆಯನ್ನು ರಸ್ತೆಯ ದೂರ ಕಬಳಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆಯಾದರೂ ಮಂಗಳೂರಿನ ಕಂಕನಾಡಿಯ ಮಟ್ಟಿಗೆ ಅದು ಹೊಂದುವುದಿಲ್ಲ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಆಲದ ಮರದಡಿ ಹೋಮಿಯೋಪಥಿ ಔಷಧ ಹಂಚತೊಡಗಿದಂದಿನಿಂದ ಇದು ಆಸ್ಪತ್ರೆಯ ಊರು. ಇಲ್ಲಿನ ಅನೇಕ ಮನೆಗಳಿಂದ ದೊಡ್ಡ ಆಸ್ಪತ್ರೆಯೊಂದು ಕೂಗಳತೆಯಲ್ಲಿದೆ. ಇದೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಆರಂಭಿಸಿದ ‘ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ’ ಯೋಜನೆಯಿಂದಾಗಿ ಕರಾವಳಿ ಮತ್ತು ಮಲೆನಾಡಿನ ಒಳಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳು ತಲುಪಿವೆ, ಅಲ್ಲಿ ತೆಗೆದ ಇಸಿಜಿ, ಅಂದರೆ ಹೃದಯದ ವಿದ್ಯುತ್ ಚಲನೆಯ ನಕ್ಷೆ, ವಾಟ್ಸ್ಆ್ಯಪ್ ಮೂಲಕ ತಜ್ಞರ ಕಣ್ಣಿಗೆ ಬೀಳುತ್ತದೆ. ಹೀಗೆ ಘಟ್ಟದ ಬುಡದ ರೈತನಿಗೆ ನಿಮಿಷಗಳಲ್ಲಿ ಸಿಗಬಹುದಾದ ರೋಗನಿರ್ಣಯ ಕಂಕನಾಡಿಯ ಒಂದು ಮನೆಯಲ್ಲಿ ಅರ್ಧ ರಾತ್ರಿ ಕಳೆದರೂ ಸಿಗಲಿಲ್ಲ.

ಆ ಮನೆಯ ಸೊಸೆಯೇ ಈ ಲೇಖನದ ಕರ್ತೃ. ಹಳೆಯ ಸಕ್ಕರೆ ಕಾಯಿಲೆಯ ಅತ್ತೆಯವರು ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ಬೆನ್ನು ಹಿಡಿದಂತಾಗಿದೆ, ದವಡೆ ಸೆಳೆಯುತ್ತಿದೆ, ವಾಕರಿಕೆ ಬರುತ್ತಿದೆ ಎಂದರು. ಎದೆನೋವು ಎಂಬ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ಸಕ್ಕರೆ ಕಾಯಿಲೆ ನರಗಳನ್ನು ಮಂದಗೊಳಿಸುವುದರಿಂದ ಅಂಥವರಲ್ಲಿ, ಹಾಗೆಯೇ ಅನೇಕ ಹೆಂಗಸರಲ್ಲಿ, ಹೃದಯಾಘಾತ ಎದೆಯನ್ನು ಹಿಂಡದೆ ಹೀಗೆ ವೇಷ ಮರೆಸಿಕೊಂಡು ಬರುವುದುಂಟು. ಸೊಸೆ ಇದನ್ನು ಓದಿ ತಿಳಿದಿದ್ದಳು, ಹೇಳಿಯೂ ಹೇಳಿದಳು. ಆದರೆ ಅಂದು ಮನೆಯಲ್ಲಿದ್ದ ಅತ್ತೆಯ ತಮ್ಮ, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದ ಹಿರಿಯರು, “ಬಂಗುಡೆ ಪುಳಿಮುಂಚಿ ಸ್ವಲ್ಪ ಜಾಸ್ತಿ ಆಗಿದೆ, ಗ್ಯಾಸ್ಟ್ರಿಕ್ ಮಾರಾಯ್ತಿ, ಸುಮ್ಮನೆ ಹೆದರಿಸಬೇಡ” ಎಂದು ತೀರ್ಪು ಕೊಟ್ಟರು. ಸೋದರಮಾವನ ಮಾತನ್ನು ಮೀರುವ ಅಭ್ಯಾಸವಿಲ್ಲದ ಮಗ ಸೋಡಾ ತರಲು ಹೋದರೆ, ಸೊಸೆ ಜೀರಿಗೆ ಕಷಾಯ ಕುದಿಸಬೇಕಾಯಿತು.

ಕಷಾಯ ಕುಡಿದ ಅತ್ತೆ ತೇಗಿದರು, ಮತ್ತು ಆ ತೇಗನ್ನೇ ಸೋದರಮಾವ ತಮ್ಮ ವಾದಕ್ಕೆ ಸಾಕ್ಷಿಯಾಗಿ ಹಿಡಿದುಕೊಂಡರು. ಅನಂತರದ ಹೊತ್ತನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ: ಫ್ಯಾನು ಪೂರ್ಣ ವೇಗದಲ್ಲಿ ತಿರುಗುತ್ತಿದ್ದರೂ ಅತ್ತೆಯ ರವಕೆ ಬೆವರಿನಿಂದ ಒದ್ದೆಯಾಯಿತು, ಒರೆಸಿದ ಹಣೆ ಕೈಗೆ ತಣ್ಣಗೆ ಹತ್ತಿತು, ತುಟಿಯ ಬಣ್ಣ ಇಳಿಯಿತು, ಪಕ್ಕದ ಕೋಣೆಯಲ್ಲಿ ಮಾವ ಮಾತ್ರ ಮಂಗಳೂರಿನ ಆಸ್ಪತ್ರೆಗಳು ಬಿಲ್ಲು ಏರಿಸುವ ಬಗೆಯನ್ನು ಮಗನಿಗೆ ವಿವರಿಸುತ್ತಿದ್ದರು. ಸೊಸೆ ಯಾರನ್ನೂ ಕೇಳದೆ 108ಕ್ಕೆ ಕರೆ ಮಾಡಿದಳು. ಆಂಬ್ಯುಲೆನ್ಸ್ ಬಂದಿತು, ಆದರೆ ಗೇಟಿಗೆ ಅಡ್ಡವಾಗಿ ಮಾವನ ಕಾರು ನಿಂತಿತ್ತು. ಬೀಗದ ಕೈ ಯಾವ ಅಂಗಿಯ ಕಿಸೆಯಲ್ಲಿದೆಯೆಂದು ಹುಡುಕುತ್ತಿರುವಾಗಲೇ ಅತ್ತೆ “ನಡೆದೇ ಬರುತ್ತೇನೆ” ಎಂದು ಎದ್ದು ನಿಂತರು. ಹೃದಯಕ್ಕೆ ರಕ್ತವೇ ಸಾಲದಾಗ ನಡೆಯುವುದೆಂದರೆ ಅದರ ಮೇಲೆ ಇನ್ನಷ್ಟು ಹೊರೆ ಹೇರಿದಂತೆ. ಸೊಸೆ ಗದರಿ ಕೂರಿಸಿದಳು, ಸಿಬ್ಬಂದಿ ಸ್ಟ್ರೆಚರನ್ನು ಅಂಗಳದವರೆಗೆ ಹೊತ್ತು ತಂದರು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದೊಡನೆ ವಿಷಯ ತಿಳಿಯಿತು. ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಆದರೆ ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ತನ್ನಲ್ಲಿನ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬುದನ್ನು ಹೇಳುವ, ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಶೇ 50ಕ್ಕಿಂತ ಹೆಚ್ಚೇ ಇರುವ ಇಜೆಕ್ಷನ್ ಫ್ರ್ಯಾಕ್ಷನ್ ಬಹಳ ಕುಗ್ಗಿತ್ತು. ಕಂಕನಾಡಿ ಮಾರ್ಕೆಟಿಗೆ ತಾವೇ ಹೋಗಿ ಮೀನು ಆರಿಸಿ ತರುತ್ತಿದ್ದವರಿಗೆ ಈಗ ಮೆಟ್ಟಿಲು ಹತ್ತಿದರೆ ಏದುಸಿರು.

2021ರ ಅಕ್ಟೋಬರ್ 29ರಂದು 46 ವರ್ಷದ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬಳಿಕ ಹೃದಯ ತಪಾಸಣೆಗೆ ಜನ ಮುಗಿಬಿದ್ದರು, ಅವರ ಹೆಸರಿನಲ್ಲಿಯೇ ಹೃದಯ ಜ್ಯೋತಿ ಯೋಜನೆ ಬಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಯಿತು. ಇಷ್ಟಾದರೂ ರೋಗಿಯನ್ನು ಮನೆಯ ಹೊಸ್ತಿಲು ದಾಟಿಸುವ ಕೆಲಸ ಮನೆಯವರದೇ.

ಆದ್ದರಿಂದ ನೆನಪಿಡಬೇಕಾದದ್ದು ಇಷ್ಟು. ದವಡೆ, ಭುಜ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗದ ನೋವಿನೊಂದಿಗೆ ತಣ್ಣನೆಯ ಬೆವರು, ಏದುಸಿರು ಅಥವಾ ವಾಕರಿಕೆ ಸೇರಿದರೆ ಕೂಡಲೇ ಇಸಿಜಿ ಆಗಬೇಕು. ಮೊದಲ ನಕ್ಷೆ ಸರಿಯಿದ್ದು ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಸಬೇಕು. ರೋಗಿಯನ್ನು ನಡೆಸಬಾರದು. ಅಲರ್ಜಿ ಮತ್ತು ರಕ್ತಸ್ರಾವದ ತೊಂದರೆ ಇಲ್ಲದವರು ವೈದ್ಯರ ಸೂಚನೆ ಪಡೆದು ಆಸ್ಪಿರಿನ್ ಮಾತ್ರೆಯನ್ನು ಜಗಿಯಬಹುದು. ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದೆ ಬಿದ್ದವರ ಎದೆಯ ನಡುವನ್ನು, ನೆರವು ಬರುವವರೆಗೆ, ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಹೀಗೆಯೇ ತಡ ಸಲ್ಲದ ಇನ್ನೊಂದು ಸ್ಥಿತಿಯಿದೆ: ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಮದ್ದಿಗೆ ಅಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿಯಿದೆ, ಬಾಯಿಗೆ ನೀರು ಹಾಕಿದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಗ್ಯಾಸೇ ಮೇಲೇರಿ ಹೃದಯಕ್ಕೆ ಹೊಡೆಯಿತು ಎಂದು ಸೋದರಮಾವ ಈಗಲೂ ನೆಂಟರ ಮುಂದೆ ವಾದಿಸುತ್ತಾರೆ. ಅವರನ್ನು ಒಪ್ಪಿಸುವ ಹೊಣೆ ಯಾವ ಸೊಸೆಯ ಮೇಲೂ ಇಲ್ಲ. 108ಕ್ಕೆ ಕರೆ ಮಾಡಲು ಮನೆಯ ಹಿರಿಯರ ಅನುಮತಿಯೇನೂ ಬೇಕಾಗಿಲ್ಲ.