ದುಡ್ಡಿನ ವಿಷಯದಲ್ಲಿ ಯಾರ ಮಾತು ಕೇಳಬೇಕು?

ಉಳಿಸಿದ ದುಡ್ಡನ್ನು ಎಲ್ಲಿಡಲಿ ಎಂಬ ಪ್ರಶ್ನೆ ತಿಂಗಳಿಗೆ ಲಕ್ಷ ಎಣಿಸುವವರಿಗೂ ಇದೆ, ದಿನಗೂಲಿಯಲ್ಲಿ ನೂರು ರೂಪಾಯಿ ಎತ್ತಿಡುವ ತಾಯಿಗೂ ಇದೆ. ಸಲಹೆಗೇನೂ ಬರವಿಲ್ಲ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ.

ಸಲಹೆ ಕೊಡುವವರನ್ನು ಮೊದಲು ಕೇಳಿ: "ಇದರಿಂದ ನಿಮಗೇನು ಸಿಗುತ್ತದೆ?" ವಿಮಾ ಏಜೆಂಟರಿಗೂ ಮ್ಯೂಚುವಲ್ ಫಂಡ್ ವಿತರಕರಿಗೂ ಕಮಿಷನ್ ಇರುತ್ತದೆ. ಅದು ತಪ್ಪಲ್ಲ, ಆದರೆ ನಿಮಗೆ ತಿಳಿದಿರಬೇಕು. ನಿಮ್ಮಿಂದಲೇ ಶುಲ್ಕ ಪಡೆದು ಸಲಹೆ ಕೊಡುವವರು ಬೇಕಿದ್ದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರನ್ನು ಹುಡುಕಿ. ಅವರ ನೋಂದಣಿ ಸಂಖ್ಯೆ 'ಐಎನ್‌ಎ' ಎಂದು ಶುರುವಾಗುತ್ತದೆ. ಅದನ್ನು ಸೆಬಿ ಜಾಲತಾಣದಲ್ಲಿ ತಾಳೆ ನೋಡಿ.

ಶುಲ್ಕ ಕೊಡುವ ಅನುಕೂಲ ಇಲ್ಲವೇ? ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳಲ್ಲಿ ಸಲಹೆ ಉಚಿತ. ಕಡಿಮೆ ಖರ್ಚಿನ ವಿಮೆಯೂ ಉಂಟು: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ. ಅದರ ಬಗ್ಗೆ ನಿಮ್ಮ ಬ್ಯಾಂಕಿನಲ್ಲೇ ವಿಚಾರಿಸಿ.

ಬಡ್ಡಿ ಹೆಚ್ಚೆಂದು ಠೇವಣಿ ಇಡುವ ಮುನ್ನ ಇನ್ನೊಂದು ಮಾತು. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಪ್ರತಿ ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ರಕ್ಷಣೆ ಇಲ್ಲ.

"ಹಣ ಖಂಡಿತ ದುಪ್ಪಟ್ಟಾಗುತ್ತದೆ, ಇವತ್ತೇ ಕಟ್ಟಿ" ಎಂದವರ ಎದುರಿನಿಂದ ಎದ್ದು ಬನ್ನಿ. ಒಳ್ಳೆಯ ಸಲಹೆಗಾರರು ಅವಸರಪಡಿಸುವುದಿಲ್ಲ. ನಿಮ್ಮ ಸಾಲ, ಸಂಸಾರ, ಕಷ್ಟಗಳನ್ನು ಮೊದಲು ಕೇಳುತ್ತಾರೆ. ನಿಮ್ಮ ಬೆವರಿಗೆ ಅಷ್ಟು ಗೌರವ ಸಲ್ಲಲೇಬೇಕು.